ಆರು ಕ್ಯಾಸೆಟ್, ಮೂವತ್ತೆರಡು ಆಟ

ಖಾನಾಪುರ
27-3-1989

ಸೌಭಾಗ್ಯವತಿ ಭರಮವ್ವ ಸಿದರಾಯ ಇವರಿಗೆ,

ನಿಮ್ಮ ಅಣ್ಣ ಮಾಯಪ್ಪ ಬರೆಯುವುದು. ನಾವು ಇಲ್ಲಿ ಕ್ಷೇಮ. ನೀವು ಅಲ್ಲಿ ಕ್ಷೇಮವಾಗಿರುವುದನ್ನು ಶುಕ್ರವಾರ ಕಣ್ಣಾರೆ ನೋಡಿ ಬಂದದ್ದರಿಂದ ಆ ವಿಷಯ ಕೇಳುವುದಿಲ್ಲ.

ಸ್ವಂತ ತಂಗಿಗೆ ‘ನೀವು’ ಎಂದು ಬರೆಯಲು ಕೈ ಏಳುವುದಿಲ್ಲ. ಆದರೂ ಮೂರು ಸಾಲು ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ. ಮುಂದಿನದನ್ನು ನೇರವಾಗಿಯೇ ಕೇಳು.

ಸ್ಟೇಶನ್ ಕೆಲಸಕ್ಕೆಂದು ಬೆಳಗಾವಿಗೆ ಬಂದವನು ಟಿಳಕವಾಡಿಗೂ ಹಾಯ್ದು ಹೋಗೋಣವೆಂದು ನಿನ್ನ ಮನೆಗೆ ಬಂದೆ. ನೀನು ಹಿಟ್ಟಿನ ಗಿರಣಿಗೆ ಹೋಗಿದ್ದೆ. ನಿನ್ನ ಅತ್ತೆ ನಿಂಗವ್ವನವರು ಕುರ್ಚಿ ಹಾಕಿ ಕೂಡಿಸಿದರು. ಟಿ.ವಿ. ಪಕ್ಕದಲ್ಲಿ ನಾನು ಕೊಟ್ಟ ಟಿ.ವಿ. ಗೇಮು ಇತ್ತು. ಅದರ ಬಾಯಿಯೊಳಗೆ ಮಾತ್ರ ಯಾವುದೋ ಹೊಸ ಕ್ಯಾಸೆಟ್ ಕುಳಿತಿತ್ತು. ನಾನು ಕೊಟ್ಟ ಆರು ಕ್ಯಾಸೆಟ್ ಗೋಡೆಯ ಮಾಡದಲ್ಲಿ ಇರುತ್ತಿದ್ದವಲ್ಲ, ಅಲ್ಲಿ ಒಂದೂ ಇರಲಿಲ್ಲ.

“ಅವ್ವಾರ, ಇದೇನ್ರಿ ಹೊಸಾದು?” ಎಂದೆ.

“ಅದಾ? ಮೂವತ್ತೆರಡು ಆಟ ಅದಾವಂತ ಒಂದರಾಗ. ಭರಮವ್ವ ತಂದಾಳ.”

“ಮತ್ತ ನಾ ಕೊಟ್ಟ ಆರು?”

“ಅವು ಹಳೇವಾದ್ವಲ್ಲಪಾ. ಒಳಗ ಎಲ್ಲೋ ಇಟ್ಟಾಳ. ಚಾಕ್ಕ ಸಕ್ರಿ ಎಷ್ಟು ಹಾಕ್ಲಿ?”

ಹೊಸ ಕ್ಯಾಸೆಟ್ಟಿನ ಡಬ್ಬಿ ಅಲ್ಲೇ ಇತ್ತು. ಹಿಂಬದಿಗೆ ಮೂವತ್ತೆರಡು ಸಣ್ಣ ಸಣ್ಣ ಚಿತ್ರ. ನೋಡುತ್ತ ಹೋದೆ. ನಾನು ಕೊಟ್ಟ ಕಾರಿನದು ಅದರಲ್ಲಿತ್ತು, ಕಪ್ಪೆಯದಿತ್ತು, ವಿಮಾನದ್ದು, ಮೀನಿನದು, ಗೋಡೆಯದು, ಮೊದಲನೆಯ ರಾಕೆಟ್ಟಿನದು, ಎಲ್ಲವೂ ಇದ್ದವು. ಆರು ಮನೆಯಲ್ಲಿರುವಾಗ ಅವೇ ಆರನ್ನು ಒಬ್ಬರು ದುಡ್ಡು ಕೊಟ್ಟು ಮತ್ತೆ ಯಾಕೆ ತರುತ್ತಾರೆ? ಮೊದಲಿನವು ಮನಸ್ಸಿಗೆ ಬಾರದಿದ್ದರೆ ತರುತ್ತಾರೆ. ಬೇರೆ ಕಾರಣ ನನಗೆ ತೋಚಲಿಲ್ಲ. ಚಹಾ ಬರುವ ಮೊದಲೇ ಎದ್ದು ಬಂದೆ.

ಭರಮವ್ವ, ಆ ಯಂತ್ರವನ್ನೂ ಕ್ಯಾಸೆಟ್ಟುಗಳನ್ನೂ ನಾನು ಹಾದಿಯಲ್ಲಿ ಆರಿಸಿಕೊಂಡು ತಂದದ್ದಲ್ಲ. ವಾಸ್ಕೋದಲ್ಲಿ ಬಂದರದ ಹತ್ತಿರ ಹಡಗಿನಲ್ಲಿ ಬಂದ ಸಾಮಾನು ಮಾರುವ ಓಣಿಗೆ ಪಂಚಮಿಗೊಂದು ಸಲ, ದೀಪಾವಳಿಗೊಂದು ಸಲ ಹೋಗುತ್ತಿದ್ದೆ. “ಜಹಾಜಿನ ಮಾಲು, ಖರೇ ಮಾಲು” ಎಂದು ಅಂಗಡಿಯವನು ಎದೆ ಮುಟ್ಟಿ ಹೇಳಿ ಕೊಡುತ್ತಿದ್ದ. ಕಪ್ಪೆಯದನ್ನು ತರುವಾಗ ಘಟ್ಟದಲ್ಲಿ ಗುಡ್ಡ ಕುಸಿದು ಗಾಡಿ ಐದು ತಾಸು ನಿಂತಿತು. ಮೇಲಿನಿಂದ ನೀರು ಸೋರುತ್ತಿತ್ತು. ಬುತ್ತಿಯ ಡಬ್ಬಿ ಖಾಲಿ ಮಾಡಿ, ಒರೆಸಿ, ಕ್ಯಾಸೆಟ್ಟನ್ನು ಅದರೊಳಗೆ ಇಟ್ಟುಕೊಂಡು ತಂದೆ. ಪಂಚಮಿ ಉಂಡಿಯ ಜೊತೆಗೆ ಇಂಥದನ್ನು ತಂಗಿಗೆ ಕೊಡುವ ಅಣ್ಣ ಖಾನಾಪುರ ತಾಲೂಕಿನಲ್ಲಿ ನಾನೊಬ್ಬನೇ ಎಂದು ಹೆಮ್ಮೆಪಟ್ಟಿದ್ದೆ.

ದೀಪಾವಳಿಗೆ ಬಂದಾಗ, “ಕಾರಿಂದು ಒಮ್ಮೆ ಹಾಕಿ ತೋರ್ಸು” ಎಂದೆ. ಕರೆಂಟು ಹೋಯಿತು ಎಂದೆ ನೀನು. ಬಾಜೂ ಮನೆಯಲ್ಲಿ ಮಿಕ್ಸರ್ ತಿರುಗುತ್ತಿತ್ತು. ಆಗಲೇ ನನಗೆ ತಿಳಿಯಬೇಕಿತ್ತು.

ನಿಮ್ಮ ಅಣ್ಣ,
ಮಾಯಪ್ಪ


ಟಿಳಕವಾಡಿ, ಬೆಳಗಾವಿ
2-4-1989

ಅಣ್ಣನಿಗೆ ಭರಮವ್ವನ ನಮಸ್ಕಾರ.

ನಿನ್ನ ಪತ್ರ ಒಡೆದು ಮೊದಲ ಮೂರು ಸಾಲು ಓದಿದಾಗ ಯಾರೋ ವಕೀಲರು ನೋಟೀಸು ಕಳಿಸಿದ್ದಾರೆಂದೇ ತಿಳಿದೆ. ಸಹಿ ನೋಡಿದ ಮೇಲೆ ನೀನೆಂದು ಗೊತ್ತಾಯಿತು.

ಅತ್ತೆ ಚಹಾ ಸೋಸಿಕೊಂಡು ಹೊರಗೆ ಬಂದರೆ ಕುರ್ಚಿ ಖಾಲಿ ಇತ್ತಂತೆ. ಕಪ್ಪು ಹಿಡಿದುಕೊಂಡು ಬಾಗಿಲಿಗೆ ಬಂದರೆ ನೀನು ಓಣಿಯ ತುದಿ ದಾಟಿದ್ದೆಯಂತೆ. ಬೀಗರ ಮನೆಯ ಚಹಾ ಬಿಟ್ಟು ಹೋಗುವಷ್ಟು ಏನಾಗಿತ್ತು ನಿನಗೆ? ನಾನು ಗಿರಣಿಯಿಂದ ಬಂದಾಗ ಆ ಕಪ್ಪು ಕಟ್ಟೆಯ ಮೇಲೆ ಕೆನೆಗಟ್ಟಿ ನಿಂತಿತ್ತು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಸಿಟ್ಟು ಇನ್ನೂ ಇದೆ.

ಹೌದು, ಮೂವತ್ತೆರಡು ಆಟದ್ದನ್ನು ನಾನೇ ಕೊಂಡೆ. ನನ್ನ ಗಂಡನ ಪಗಾರದಲ್ಲಿ ಅಲ್ಲ. ಖಡೇ ಬಜಾರಿನ ಅಂಗಡಿಯಿಂದ ಸೀರೆ ತಂದು ಫಾಲ್ ಹಚ್ಚಿಕೊಡುತ್ತೇನಲ್ಲ, ಆ ದುಡಿಮೆಯಲ್ಲಿ ಕೊಂಡೆ. ಅಣ್ಣ, ನನಗೀಗ ಮೂವತ್ತಾರು ವರ್ಷ. ಇಷ್ಟು ವರ್ಷದಲ್ಲಿ ನನಗಾಗಿ ನಾನೇ ಅಂಗಡಿ ಮೆಟ್ಟಿಲು ಹತ್ತಿ ಒಂದು ವಸ್ತು ಕೊಂಡದ್ದು ಇದೇ ಮೊದಲು. ಅದು ಹೇಗಿತ್ತೆಂದು ಕೇಳು.

ಅಂಗಡಿಯವನು, “ಮಕ್ಕಳಿಗೇನ್ರಿ ಅಕ್ಕಾರ?” ಎಂದ.

“ನನಗ.”

“ನೀವ ಆಡ್ತೀರಿ?”

“ಯಾಕ, ಹೆಂಗಸರ ಕೈಗಿ ಬೆರಳಿಲ್ಲೇನು?”

ಅವನು ನಕ್ಕು, ಅಂಗಡಿಯ ಟಿ.ವಿ.ಗೆ ಹಚ್ಚಿಟ್ಟಿದ್ದ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟ. ಮೇಲಿನಿಂದ ಸಾಲುಸಾಲಾಗಿ ಹುಳ ಇಳಿಯುತ್ತವಲ್ಲ, ಆ ಆಟ. ಸ್ಟೂಲಿನ ಮೇಲೆ ಕುಳಿತೆ. ಮೊದಲು ಅಂಗಡಿಯ ಆಳು ಬಂದು ನಿಂತ, ಆಮೇಲೆ ಎದುರಿನ ಗಡಿಯಾರದ ಅಂಗಡಿಯವರು ಬಂದರು, ಆಮೇಲೆ ಬಜಾರಿಗೆ ಬಂದ ನಾಲ್ಕೈದು ಹೆಂಗಸರು ಚೀಲ ಹಿಡಿದುಕೊಂಡೇ ನಿಂತರು. ಆ ಆಟದಲ್ಲಿ ಅಂಕಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ದಾಟಿದರೆ ತಿರುಗಿ ಸೊನ್ನೆಯಾಗುತ್ತದೆ. ಅಂಗಡಿಯವನು ಅದನ್ನು ಅಂದೇ ಮೊದಲ ಸಲ ನೋಡಿದ. ಯಂತ್ರ ಕೆಟ್ಟಿತೆಂದು ಹೆದರಿದ. “ಕೆಟ್ಟಿಲ್ಲರಿ, ಅದಕ್ಕ ಇನ್ನ ಮುಂದ ಎಣಸಾಕ ಬರೂದಿಲ್ಲ” ಎಂದೆ.

“ಎಲ್ಲಿ ಕಲ್ತ್ರಿ ಅಕ್ಕಾರ?” ಎಂದ.

“ನಮ್ಮ ಅಣ್ಣ ಕೊಟ್ಟಿದ್ದ್ರಾಗ” ಎಂದೆ. ಅಷ್ಟು ಜನರ ಎದುರಿಗೆ ನಿನ್ನ ಹೆಸರು ಹೇಳಿ, ಖಾನಾಪುರ ಸ್ಟೇಶನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಎಂದೂ ಹೇಳಿ ಬಂದೆ. ಅದೇ ಅಣ್ಣ ಮರು ವಾರ ನನ್ನ ಮನೆಯ ಚಹಾ ಬಿಟ್ಟು ಹೋದ.

ಹೊಸದು ಅಂಥ ಸುಖದ್ದೇನೂ ಅಲ್ಲ. ಬೇಕಾದ ಆಟ ತಾನಾಗಿ ಬರುವುದಿಲ್ಲ. ಒಂದೊಂದು ಸಲ ಸ್ವಿಚ್ಚು ಆರಿಸಿ ಹಚ್ಚಿದರೆ ಒಂದೊಂದು ಆಟ ಮುಂದೆ ಹೋಗುತ್ತದೆ. ಕಾರಿನದು ಬೇಕಾದರೆ ಹತ್ತು ಸಲ ಆರಿಸಿ ಹಚ್ಚಬೇಕು. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ.

ನಿನ್ನ ಆರು ಎಲ್ಲಿವೆ ಎಂದು ಕೇಳಿದ್ದೀ. ಇರಬೇಕಾದಲ್ಲಿ ಇವೆ. ಹೊಸದನ್ನು ಯಾಕೆ ತಂದೆ ಎಂದು ನನ್ನನ್ನೇ ಕೇಳಿದ್ದರೆ ಏನೋ ಹೇಳುತ್ತಿದ್ದೆ. ನೀನು ಕೇಳಲಿಲ್ಲ, ತೀರ್ಪು ಬರೆದು ಕಳಿಸಿದೆ.

ನಿನ್ನ ತಂಗಿ,
ಭರಮವ್ವ


ಖಾನಾಪುರ
19-4-1989

ಭರಮವ್ವನಿಗೆ ಆಶೀರ್ವಾದ.

ಪತ್ರ ಮುಟ್ಟಿತು. ನೀನು ದುಡಿದು ಕೊಂಡದ್ದಕ್ಕೆ ಸಂತೋಷ. ಬಜಾರಿನಲ್ಲಿ ನನ್ನ ಹೆಸರು ಹೇಳಿದ್ದಕ್ಕೂ ಸಂತೋಷ. ಆದರೆ ಎರಡು ಹಾಳೆ ಬರೆದರೂ ಕೇಳಿದ್ದಕ್ಕೆ ಉತ್ತರವಿಲ್ಲ. “ಇರಬೇಕಾದಲ್ಲಿ ಇವೆ” ಎಂದರೆ ಎಲ್ಲಿ? ಟಿಕೀಟು ತೋರಿಸಿ ಎಂದರೆ ಕಿಸೆಯಲ್ಲಿದೆ ಎನ್ನುವ ಪ್ರಯಾಣಿಕರನ್ನು ನಾನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ.

ನಿನಗೆ ಮೂವತ್ತೆರಡು ಬಂದ ಮೇಲೆ ಆ ಆರರಿಂದ ಕೆಲಸವಿಲ್ಲ. ತಿರುಗಿ ಕಳಿಸು. ಲೋಂಡಾದಲ್ಲಿರುವ ನಮ್ಮ ಸ್ಟೇಶನ್ ಮಾಸ್ತರರ ಮನೆಗೆ ಇಂಥದೇ ಯಂತ್ರ ಬಂದಿದೆ. ಅಲ್ಲಿಗೆ ಒಯ್ದು, ನಾನೇ ಕುಳಿತು, ಒಂದೊಂದನ್ನೂ ಹಾಕಿ ನೋಡುತ್ತೇನೆ. ಮೂರು ವರ್ಷ ಹೊತ್ತು ತಂದದ್ದು ಏನೆಂದು ನನಗಾದರೂ ತಿಳಿಯಲಿ. ಬೆಳಗಿನ ಪ್ಯಾಸೆಂಜರಿನ ಗಾರ್ಡ್ ರಾಯಪ್ಪ ನಮ್ಮವನೇ. ಅವನ ಕೈಯಲ್ಲಿ ಕೊಟ್ಟರೆ ಸಾಕು.

ನಮ್ಮ ಮನೆಯಾಕೆ, ನಿನ್ನ ವೈನಿ ಕಾಂತಾಳಿಗೆ ಈ ಪತ್ರ ಸರಿಬಂದಿಲ್ಲ. “ಕೊಟ್ಟಿದ್ದನ್ನ ತಿರುಗಿ ಕೇಳ್ತಾರೇನ್ರಿ ಯಾರರೆ?” ಎಂದು ಒಲೆಯ ಮುಂದೆ ಕುಳಿತು ನಿನ್ನೆಯಿಂದ ಒಂದೇ ಸಮನೆ ಅನ್ನುತ್ತಿದ್ದಾಳೆ. ಆದರೂ ಬರೆದಿದ್ದೇನೆ.

ಮಾಯಪ್ಪ


ಟಿಳಕವಾಡಿ
25-4-1989

ಅಣ್ಣನಿಗೆ ನಮಸ್ಕಾರ.

ಕೊಡುವುದಿಲ್ಲ.

ತವರಿನವರು ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕಳಿಸುವ ಹೆಣ್ಣುಮಗಳು ನಾನಲ್ಲ. ಕೇಳುವ ಅಣ್ಣಂದಿರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಮದುವೆಯಲ್ಲಿ ಕೊಟ್ಟ ತಾಮ್ರದ ಕೊಡವೂ ಇನ್ನೂ ಇದೆ, ಅದು ಬೇಕಾದರೆ ಅದನ್ನೂ ಕೇಳಿ ಒಂದು ಪತ್ರ ಬರೆ. ಅದನ್ನೂ ಕೊಡುವುದಿಲ್ಲ.

ಇನ್ನೊಂದು ಮಾತು. ಲೋಂಡಾದ ಮಾಸ್ತರರ ಮನೆಗೆ ಹೋಗಿ ಆಟ ಆಡುತ್ತ ಕೂಡಬೇಡ. ದೊಡ್ಡ ಸಾಹೇಬರ ಮನೆ. ಏನಾದರೂ ಹೆಚ್ಚುಕಡಿಮೆಯಾದರೆ ನಾಲ್ಕು ಜನ ನಗುತ್ತಾರೆ. ಯಾರಾದರೂ ನಿನ್ನನ್ನು ನೋಡಿ ನಗುವುದು ನನಗೆ ಬೇಡ. ವೈನಿಗೆ ನನ್ನ ನಮಸ್ಕಾರ ತಿಳಿಸು. ಅವಳು ಶಾಣ್ಯಾ ಹೆಂಗಸು.

ಭರಮವ್ವ


ಖಾನಾಪುರ
3-7-1989

ಭರಮವ್ವನಿಗೆ,

ಎರಡು ತಿಂಗಳು ಕಾದೆ. ನಿನ್ನಿಂದ ಪತ್ರವಿಲ್ಲ, ಕ್ಯಾಸೆಟ್ಟೂ ಇಲ್ಲ. ಈಗ ನನಗೆ ಗೊತ್ತಾಗಿದೆ. ಆ ಆರು ನಿನ್ನ ಮನೆಯಲ್ಲಿ ಇಲ್ಲ. ಮಾರಿದಿರೋ, ಯಾರಿಗಾದರೂ ಕೊಟ್ಟಿರೋ ತಿಳಿಯದು. ಇದ್ದಿದ್ದರೆ ತೋರಿಸಲು ಏನು ಅಡ್ಡಿಯಿತ್ತು?

ಆಗಸ್ಟ್ ಆರಕ್ಕೆ ಪಂಚಮಿ. ಹಿಂದಿನ ದಿನ ನಾನು ಬಂದು ನಿನ್ನನ್ನು ಕರೆದುಕೊಂಡು ಬರುವ ಪದ್ಧತಿ. ನಿನ್ನ ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ಒಂದು ಪಂಚಮಿಯೂ ತಪ್ಪಿಸಿಲ್ಲ. ಅವ್ವ ತೀರಿಕೊಂಡ ವರ್ಷವೂ ಬಂದೆ, ಜ್ವರದಲ್ಲೂ ಬಂದೆ. ಈ ಸಲ ಬರುವುದಿಲ್ಲ. ಉಂಡಿಯ ಡಬ್ಬಿಯನ್ನು ಗಾರ್ಡ್ ರಾಯಪ್ಪ ತಂದುಕೊಡುತ್ತಾನೆ. ಆರೂ ಕ್ಯಾಸೆಟ್ಟನ್ನು ಅವನ ಕೈಗೆ ಕೊಟ್ಟರೆ ಬರುತ್ತೇನೆ. ಇಲ್ಲವಾದರೆ ಇಲ್ಲ.

ಕಾಂತಾ ತಾನೇ ಬಂದು ನಿನ್ನನ್ನು ಕರೆತರುವುದಾಗಿ ಹೇಳುತ್ತಿದ್ದಾಳೆ. ಅಣ್ಣ ಕರೆಯದೆ ಬರುವವಳು ನೀನಲ್ಲ, ಅದೂ ನನಗೆ ಗೊತ್ತು. ಇದನ್ನು ಬರೆಯುವಾಗ ನನಗೆ ಸುಖವೇನೂ ಆಗುತ್ತಿಲ್ಲ.

ಮಾಯಪ್ಪ


ಟಿಳಕವಾಡಿ
11-7-1989

ಮಾಯಪ್ಪಾ,

ನಾ ನಿಂಗವ್ವ. ನನಗ ಬರಿಯಾಕ ಬರೂದಿಲ್ಲ. ಬಾಜೂ ಮನಿ ಪದ್ಮವ್ವ ಬರಿಯಾಕತ್ತಾಳ. ಹೇಳಿದ್ದನ್ನ ಹೇಳಿದ್ಹಂಗ ಬರಿ, ಚಂದ ಮಾಡಾಕ ಹೋಗಬ್ಯಾಡ ಅಂತ ಆಕಿಗಿ ಹೇಳೇನಿ. ಭರಮವ್ವ ಸೀರಿ ಕೊಡಾಕ ಬಜಾರಕ್ಕ ಹೋಗ್ಯಾಳ. ಆಕಿ ಬರೂದ್ರಾಗ ಮುಗಸಬೇಕು.

ನಿನ್ನ ಪತ್ರ ಬಂದಾಗಿಂದ ಆಕಿ ಸರಿಯಾಗಿ ಉಂಡಿಲ್ಲ. ನಿನ್ನೆ ಆ ಆರೂ ಡಬ್ಬಿ ಟ್ರಂಕಿನಿಂದ ತಗದು, ಒರಸಿ, ಚೀಲದಾಗ ಹಾಕಿದ್ಲು. ಸ್ಟೇಶನ್ನಿಗಿ ಹೊಂಟ್ಲು. ಓಣಿ ದಾಟಿ ಹೋದಾಕಿ ತಿರುಗಿ ಬಂದು ಮತ್ತ ಟ್ರಂಕಿನ್ಯಾಗ ಇಟ್ಲು. ಇಟ್ಟು ಅಲ್ಲೇ ಕುಂತು ಅತ್ಲು. ನನಗ ತಡಕೊಳ್ಳಾಕ ಆಗ್ಲಿಲ್ಲ.

ಅವತ್ತ ನಾ ನಿನಗ ಸುಳ್ಳ ಹೇಳಿದೆ. ಹಳೇವಾದ್ವು ಅಂದೆ. ಖರೇ ಏನಂದ್ರ, ನೀ ಕೊಟ್ಟ ಆರರಾಗೂ ಒಂದ ಆಟ ಐತಿ. ಮ್ಯಾಲಿನ ಚಿತ್ರ ಬ್ಯಾರೆ ಬ್ಯಾರೆ. ಒಳಗ ಎಲ್ಲಾದ್ರಾಗೂ ಅದ ಹುಳದ ಆಟ. ಕಾರಿಂದು ಹಾಕಿದ್ರೂ ಹುಳ, ಕಪ್ಪೀದು ಹಾಕಿದ್ರೂ ಹುಳ. ಆ ವಾಸ್ಕೋದವ ನಿನಗ ಆರು ಸಲ ಒಂದನ್ನ ಮಾರ್ಯಾನ. ನಿಮ್ಮ ಮನ್ಯಾಗ ಟಿ.ವಿ. ಇಲ್ಲ, ನಿನಗ ಹೆಂಗ ಗೊತ್ತಾಗಬೇಕು?

ಎರಡನೇದು ಕೊಟ್ಟು ನೀ ಹೋದ ಮ್ಯಾಲೆ ಹಾಕಿ ನೋಡಿದ್ವಿ. ಹುಳ ಬಂದ್ವು. ನನ್ನ ಮಗ ಸಿದರಾಯ ಹೊಟ್ಟಿ ಹಿಡಕೊಂಡು ನಕ್ಕ. ಭರಮವ್ವ ನಗಲಿಲ್ಲ. “ಅಣ್ಣಗ ಯಾರೂ ಹೇಳಬ್ಯಾಡ್ರಿ” ಅಂದ್ಲು. ಮುಂದ ಮೂರನೇದೂ ಹುಳ, ನಾಕನೇದೂ ಹುಳ. ಪ್ರತಿ ಸಲ ಆಕಿ ಹೊಸಾದು ಬಂದ್ಹಂಗ ಡಬ್ಬಿ ಬಿಚ್ಚಿ, ಹಾಕಿ, ಮುಂದ ಕುಂದರ್ತಿದ್ಲು. ಈ ಸಲರೆ ಬ್ಯಾರೆ ಬಂದೀತು ಅಂತ ನಾನೂ ಬಾಜೂಕ ಕುಂದರ್ತಿದ್ದೆ. ಹುಳ ಬರ್ತಿದ್ವು. ಆಕಿ ಹೊಡೀತಿದ್ಲು. ನೀ ಬಂದಾಗೆಲ್ಲಾ ಮೊದಲನೇದನ್ನ ಹಾಕಿ ತೋರ್ಸಿ, “ನನಗ ಇದ ಸೇರ್ತದ” ಅಂತಿದ್ಲಲ್ಲ, ಅದು ಇದಕ್ಕ.

ನಾನೂ ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ. ಸೊಸಿ ತವರಿನ ಸಾಮಾನಿಗಿ ಮಂದಿ ನಕ್ರ ನಮ್ಮ ಮನಿಗೂ ಅದು ಕಡಿಮಿನ.

ದೀಪಾವಳಿಗಿ ನೀ ಕಾರಿಂದು ತೋರ್ಸು ಅಂದಿ. ಆಕಿ ಒಳಗ ಬಂದು ಕೈಯಾರೆ ಫ್ಯೂಜ್ ತಗದ್ಲು. ನಾ ನೋಡೇನಿ. ನೀ ಹೋದ ಮ್ಯಾಲೆ, “ಅತ್ತಿ, ಪಂಚಮಿಗಿ ಬಂದಾಗ ಮತ್ತ ಕೇಳ್ತಾನ, ಆಗೇನ್ ಮಾಡ್ಲಿ?” ಅಂದ್ಲು. ಅವತ್ತಿನಿಂದ ಫಾಲ್ ಹಚ್ಚಿದ್ದನ್ನ ಕೂಡಿಸಿ ಇಟ್ಲು. ನಿನ್ನ ಆರೂ ಡಬ್ಬಿ ಚೀಲದಾಗ ಹಾಕ್ಕೊಂಡು ಅಂಗಡಿಗಿ ಹೋಗಿ, ಚಿತ್ರಕ್ಕ ಚಿತ್ರ ಹೊಂದಿಸಿ ನೋಡಿ, ಆರಕ್ಕ ಆರೂ ಇದ್ದದ್ದನ್ನ ಆರಿಸಿ ತಂದ್ಲು. ಇದು ನೀ ಕೊಟ್ಟ ಕಾರಿಂದು, ಇದು ನೀ ಕೊಟ್ಟ ಕಪ್ಪೀದು ಅಂತ ನಿನಗ ಒಂದೊಂದಾಗಿ ತೋರಸಾಕ ತಂದಾಳಪಾ ಅದನ್ನ. ಸ್ವಿಚ್ಚಿನ ಎಣಿಕಿ ಬಾಯಿಪಾಠ ಮಾಡ್ಯಾಳ, ನಿನ್ನ ಮುಂದ ತಪ್ಪಬಾರದಂತ. ನೀ ಮಾತ್ರ ಹೇಳದ ಕೇಳದ ನಡುವ ಬಂದು ಡಬ್ಬಿ ನೋಡಿ ಸಿಟ್ಟ ಮಾಡ್ಕೊಂಡು ಹೋದಿ.

ನಿಮ್ಮ ಮನ್ಯಾಗ ಎಲ್ಲಾರೂ ಹಿಂಗ ಗರ್ವಿಷ್ಠರೇನು? ಇಪ್ಪತ್ತೆರಡು ವರ್ಷ ಆಕಿ ಜೋಡಿ ಒಂದ ಒಲಿ ಮುಂದ ಕುಂತೇನಿ. ಒಂದ ದಿವಸ ತವರಿನ ಮ್ಯಾಲೆ ಮಾತ ಬರಗೊಟ್ಟಿಲ್ಲ. ಇಂಥಾಕಿ ನನ್ನ ತಂಗಿ ಅಂತ ನೀ ಎದಿ ಎತ್ತಿ ಅಡ್ಡಾಡಬೇಕು. ನಾ ಅಂತೂ ಇಂಥಾಕಿ ನನ್ನ ಸೊಸಿ ಅಂತ ಅಡ್ಡಾಡ್ತೇನಿ.

ಕರಿಯಾಕ ಬಾ. ಬರಲಿಲ್ಲಂದ್ರ ನಾನ ಆಕಿನ್ನ ಕರಕೊಂಡು ಬಂದು ನಿನ್ನ ಟಿಕೀಟಿನ ಕಿಡಕಿ ಮುಂದ ಕುಂದರ್ತೇನಿ. ಯಾರೂ ಟಿಕೀಟ ತಗೊಳ್ಳಾಕ ಬರಬಾರದು, ಹಂಗ ಕುಂದರ್ತೇನಿ.

ನಿಂಗವ್ವ
(ಹೆಬ್ಬೆಟ್ಟು)

ತಾ.ಕ.: ನಿಂಗವ್ವನವರು ಹೇಳುವಾಗ ಎರಡು ಸಲ ಕಣ್ಣು ಒರೆಸಿಕೊಂಡರು. ಅದನ್ನು ಬರೆಯಬೇಡ ಎಂದರು. ಹೇಳಿದ್ದನ್ನು ಮಾತ್ರ ಬರೆಯುವ ಕರಾರು ಮೇಲೆ ಮುಗಿಯಿತು, ಇದು ನನ್ನದು. — ಪದ್ಮವ್ವ


ಖಾನಾಪುರ
22-7-1989

ಪ್ರೀತಿಯ ತಂಗಿ ಭರಮವ್ವನಿಗೆ,

ನಿನ್ನ ಅತ್ತೆಯವರ ಪತ್ರ ಬಂತು. ಅವರ ಮೇಲೆ ಸಿಟ್ಟಾಗಬೇಡ. ಅವರು ಹೇಳದಿದ್ದರೆ ನಾನು ಈ ವರ್ಷ ಮಾಡಬಾರದ್ದನ್ನು ಮಾಡಿ ಕೂಡುತ್ತಿದ್ದೆ.

ಓದಿದ ಮರುದಿನ ವಾಸ್ಕೋಕ್ಕೆ ಹೋದೆ. ಆ ಮನುಷ್ಯ ಅಲ್ಲಿಲ್ಲ. ಅವನ ಅಂಗಡಿಯಲ್ಲಿ ಈಗ ಬೇರೆ ಯಾರೋ ಛತ್ರಿ ಮಾರುತ್ತಿದ್ದಾರೆ. ತಿರುಗಿ ಬರುವಾಗ ದೂಧಸಾಗರದ ಹತ್ತಿರ ಗಾಡಿ ನಿಧಾನವಾಯಿತು. ಎಲ್ಲರೂ ಕಿಟಕಿಗೆ ಮುಖ ಹಚ್ಚಿ ನೀರು ನೋಡುತ್ತಿದ್ದರು. ನಾನು ಒಬ್ಬನೇ ನಗತೊಡಗಿದೆ. ಕಾರು ಹಾಕಿದರೂ ಹುಳ, ಕಪ್ಪೆ ಹಾಕಿದರೂ ಹುಳ. ಬುತ್ತಿಯ ಡಬ್ಬಿಯಲ್ಲಿ ಜೋಪಾನ ಮಾಡಿ ಹುಳ ತಂದಿದ್ದೆನಲ್ಲ. ಎದುರಿಗೆ ಕುಳಿತವರು ಏನಾಯಿತೆಂದು ಕೇಳಿದರು. ಅವರಿಗೆ ಎಲ್ಲವನ್ನೂ ಹೇಳಿದೆ. ಸ್ಟೇಶನ್ನಿಗೆ ಬಂದು ರಾಯಪ್ಪನಿಗೂ ಹೇಳಿದೆ, ಮಾಸ್ತರರಿಗೂ ನಾನೇ ಹೇಳಿದೆ. ನಗುವವರು ನಗಲಿ. ನನ್ನ ತಂಗಿ ಅಣ್ಣನ ಮಾನಕ್ಕಾಗಿ ಒಂದೇ ಆಟವನ್ನು ಮೂರು ವರ್ಷ ಆಡಿದಳು, ಆಡಿ ಯಂತ್ರಕ್ಕೇ ಲೆಕ್ಕ ತಪ್ಪುವ ಹಾಗೆ ಮಾಡಿದಳು. ಇದನ್ನು ಹೇಳುವಾಗ ನನ್ನ ದನಿ ತಾನಾಗಿ ದೊಡ್ಡದಾಗುತ್ತದೆ. ಮಾಸ್ತರರು ಮೊದಲು ನಕ್ಕರು, ಆಮೇಲೆ, “ನಿಮ್ಮ ತಂಗಿಯವರನ್ನ ಒಮ್ಮೆ ಲೋಂಡಾಕ್ಕ ಕರಕೊಂಡ ಬರ್ರಿ, ನಮ್ಮ ಮನ್ಯಾಗ ಎಲ್ಲಾರೂ ನೋಡ್ತಾರ” ಎಂದರು.

ಭರಮವ್ವ, ನಿನಗೆ ಹೇಳದೆ ಇಟ್ಟುಕೊಂಡದ್ದು ನನ್ನಲ್ಲೂ ಒಂದಿದೆ. ಸೀರೆ, ಕುಬಸ ಕೊಡುವುದು ಬಿಟ್ಟು ಸಂಸಾರಸ್ಥ ಹೆಂಗಸಿಗೆ ಆಟದ ಸಾಮಾನು ಯಾಕೆ ಕೊಡುತ್ತೀರಿ ಎಂದು ಕಾಂತಾ ಕೇಳಿದಾಗಲೆಲ್ಲ ಮಾತು ಹಾರಿಸಿದ್ದೇನೆ.

ನಿನ್ನನ್ನು ನೋಡಲು ಬೀಗರು ಬಂದ ದಿನ ನಿನಗೆ ಹದಿನಾಲ್ಕು ತುಂಬಿರಲಿಲ್ಲ. ನೀನು ಓಣಿಯ ಕಟ್ಟೆಯ ಮೇಲೆ ಗೆಳತಿಯರ ಜೊತೆ ಗಜ್ಜುಗ ಆಡುತ್ತಿದ್ದೆ. ಅಪ್ಪ ನನ್ನನ್ನು ಕಳಿಸಿದ. “ಅಣ್ಣಾ, ಇದೊಂದ ಆಟ ಮುಗಿಸಿ ಬರ್ತೇನಿ” ಎಂದೆ. ನಾನು ಬಿಡಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿದೆ. ನಿನ್ನ ಕೈಯಲ್ಲಿದ್ದ ಗಜ್ಜುಗ ಕೆಳಗೆ ಬಿದ್ದವು, ಆರಿಸಿಕೊಳ್ಳಲೂ ಬಿಡಲಿಲ್ಲ. ನೀನು ಹಿಂದೆ ತಿರುಗಿ ನೋಡುತ್ತಲೇ ಬಂದೆ. ಆಮೇಲೆ ನೀನು ಆಡಿದ್ದನ್ನು ನಾನು ನೋಡಲಿಲ್ಲ. ವಾಸ್ಕೋದಲ್ಲಿ ಆ ಯಂತ್ರ ಕಂಡ ದಿನ ನನಗೆ ಮೊದಲು ನೆನಪಾದದ್ದು ಆ ಕಟ್ಟೆ. ಒಂದು ಆಟ ಬಿಡಿಸಿದವನು ಎಷ್ಟು ಆಟ ಕೊಟ್ಟರೆ ಸರಿಹೋದೀತು ಎಂದು ತರುತ್ತ ಹೋದೆ. ತಪ್ಪು ನನ್ನದು, ತಂಗಿ. ಅಪ್ಪ ಹೇಳಿದ ಎಂಬುದು ನಿಜ, ಕೈ ನನ್ನದು.

ಆಗಸ್ಟ್ ಐದು ಶನಿವಾರ ಬೆಳಗಿನ ಪ್ಯಾಸೆಂಜರಿಗೆ ನಾನೇ ಬರುತ್ತೇನೆ. ಬರಬಹುದಲ್ಲ? ಅವ್ವಾರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಣ್ಣ,
ಮಾಯಪ್ಪ


ಟಿಳಕವಾಡಿ
27-7-1989

ಅಣ್ಣನಿಗೆ ಭರಮವ್ವನ ನಮಸ್ಕಾರ.

ಬಾ. ಇದನ್ನು ಕೇಳಬೇಕೇ? ಬಂದು ಚಹಾ ಕುಡಿ, ಊಟ ಮಾಡು, ಸಂಜೆಯ ಗಾಡಿಗೆ ಇಬ್ಬರೂ ಹೊರಡೋಣ.

ಅತ್ತೆಯ ಮೇಲೆ ಎರಡು ದಿನ ಸಿಟ್ಟಾಗಿದ್ದೆ. ಅವಳೂ ನನ್ನ ಮೇಲೆ ಸಿಟ್ಟಾದಳು. ಆಮೇಲೆ ಇಬ್ಬರಿಗೂ ನಗು ಬಂತು. ಇವರು ಫೌಂಡ್ರಿಯಿಂದ ಬಂದು, “ಅಂತೂ ಖಾನಾಪುರಕ್ಕ ಸುದ್ದಿ ಮುಟ್ಟಿತು” ಎಂದು ಒಂದು ಇಡೀ ಪೊಟ್ಟಣ ಪೇಢೆ ತಂದರು.

ನಿನ್ನ ಆರನ್ನೂ ಟ್ರಂಕಿನಿಂದ ತೆಗೆದು ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ. ಇನ್ನು ಬಚ್ಚಿಡುವುದಿಲ್ಲ. ನೀನು ತಿಳಿದಷ್ಟು ಮೋಸವೇನೂ ಆಗಿಲ್ಲ. ಕಾರಿನ ಚಿತ್ರದ್ದರಲ್ಲಿ ಹುಳ ತುಸು ಬೇಗ ಇಳಿಯುತ್ತವೆ, ಮೀನಿನ ಚಿತ್ರದ್ದರಲ್ಲಿ ನಿಧಾನ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಲೋಂಡಾಕ್ಕೂ ಬರುತ್ತೇನೆಂದು ಮಾಸ್ತರರಿಗೆ ಹೇಳು. ಬರುವಾಗ ನಿನ್ನ ಆರರಲ್ಲಿ ಒಂದನ್ನು ತರುತ್ತೇನೆ, ಮೂವತ್ತೆರಡರದ್ದನ್ನು ತರುವುದಿಲ್ಲ.

ಆ ಕಟ್ಟೆಯ ಮಾತು. ಅದನ್ನು ಇಪ್ಪತ್ತೆರಡು ವರ್ಷ ಹೊತ್ತುಕೊಂಡಿದ್ದೆಯಾ, ಅಣ್ಣ? ನನಗೆ ಆ ದಿನ ಚೆನ್ನಾಗಿ ನೆನಪಿದೆ. ನಾನು ಸೋಲುತ್ತಿದ್ದೆ. ಚಂದ್ರವ್ವ ಐದಕ್ಕೆ ಐದನ್ನೂ ಹಾರಿಸಿ ಅಂಗೈಯ ಹಿಂದೆ ಹಿಡಿದು ಕುಳಿತಿದ್ದಳು. ನನ್ನ ಕೈಯಲ್ಲಿ ಎರಡೂ ನಿಲ್ಲುತ್ತಿರಲಿಲ್ಲ. ‘ಮುಗಿಸಿ ಬರ್ತೇನಿ’ ಎಂದದ್ದು ಅವಳ ಮುಂದೆ ಬಾಯಿಮಾತಿಗೆ. ನೀನು ಬಂದು ಎಬ್ಬಿಸಿದ್ದರಿಂದ ಓಣಿಯಲ್ಲಿ ನನ್ನ ಮರ್ಯಾದೆ ಉಳಿಯಿತು. ತಿರುಗಿ ತಿರುಗಿ ನೋಡಿದ್ದು, ಅವಳು ಹಿಂದಿನಿಂದ ನಗುತ್ತಾಳೇನೋ ಎಂದು.

ಇಷ್ಟು ಬರೆದು ಅತ್ತೆಗೆ ಓದಿ ಹೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ನೀ ಸೋಲಾಕತ್ತಿದ್ದಿ?”

“ಹೂಂ,” ಎಂದೆ.

ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದಳು. “ಹಂಗ ಬರಿ,” ಎಂದಳು. “ಚಂದ್ರವ್ವ ಭಾಳ ಚಲೋ ಆಡ್ತಿದ್ಲು, ನಾನೂ ಕೇಳೇನಿ ಅಂತ ಸಾಕ್ಷಿಗಿ ನನ್ನ ಹೆಸರೂ ಹಾಕು.”

ಹಾಕಿದ್ದೇನೆ. ಶನಿವಾರ ದಾರಿ ನೋಡುತ್ತಿರುತ್ತೇವೆ.

ನಿನ್ನ ತಂಗಿ,
ಭರಮವ್ವ